ನಗರದ ನಡುವಿನ ಸೆಮಿನರಿ: ಕಟ್ಟಡಗಳು, ಆವರಣ, ದಿನಚರಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಸೇರುವ ವಿದ್ಯಾರ್ಥಿಗಳು, ಅವರ ಮನೆಯವರು, ಗೋಡೆಯಾಚೆಯ ನೆರೆಹೊರೆಯವರು, ಕಟ್ಟಡ ನೋಡಿಕೊಳ್ಳುವ ಹೊಣೆ ಹೊತ್ತವರು – ಇವರೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಕಥೋಲಿಕ, ಪ್ರೊಟೆಸ್ಟಂಟ್ ಪದ್ಧತಿಗಳು ಬೇರೆಯಾಗುವ ಕಡೆ ಎರಡನ್ನೂ ಹೇಳಿದ್ದೇವೆ.

ಸೆಮಿನರಿ ಎಂದರೆ ನಿಖರವಾಗಿ ಏನು? ಅದು ಚರ್ಚೇ, ಕಾಲೇಜೇ, ಮಠವೇ?

ಮೂರರ ಗುಣವೂ ಸ್ವಲ್ಪ ಸ್ವಲ್ಪ ಇದೆ, ಆದರೆ ಮೂರೂ ಅಲ್ಲ. ಲ್ಯಾಟಿನ್ನಿನ 'ಸೆಮಿನಾರಿಯಂ' ಎಂಬ ಮಾತಿಗೆ ಸಸಿಮಡಿ ಎಂದು ಅರ್ಥ. ಬೀಜ ಮೊಳೆತ ಮೇಲೆ ಬೇರೆ ಗದ್ದೆಗೆ ನಾಟಿ ಹೋಗುವವರೆಗೆ ಸಸಿ ಇರುವ ಜಾಗ. ಗುರುಗಳಾಗುವವರು, ಸಭಾಪಾಲಕರು (ಪಾಸ್ಟರ್) ಆಗುವವರು ಕೆಲವು ವರ್ಷ ಒಟ್ಟಿಗೆ ಇದ್ದು ಓದಿ, ಪ್ರಾರ್ಥಿಸಿ, ಪಳಗುವ ಮನೆ ಇದು. ಕಥೋಲಿಕರು ಕನ್ನಡದಲ್ಲಿ ಗುರುಮಠ ಎನ್ನುತ್ತಾರೆ. ಪ್ರೊಟೆಸ್ಟಂಟರಲ್ಲಿ ಥಿಯಾಲಾಜಿಕಲ್ ಕಾಲೇಜು ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಸನ್ಯಾಸಿಗಳ ಮಠಕ್ಕೆ ಸೇರಿದವರು ಜೀವಮಾನವೆಲ್ಲ ಅಲ್ಲಿರಬಹುದು. ಸೆಮಿನರಿಗೆ ಬಂದವರು ಹೊರಟುಹೋಗಬೇಕೆಂದೇ ಬಂದವರು. ಈ ವ್ಯತ್ಯಾಸ ನೆನಪಿದ್ದರೆ ಇಲ್ಲಿನ ಕಟ್ಟಡಗಳೂ ನಿಯಮಗಳೂ ಏಕೆ ಹೀಗಿವೆ ಎನ್ನುವುದು ಬೇಗ ಅರ್ಥವಾಗುತ್ತದೆ.

ಇಂಥ ಸಂಸ್ಥೆ ಊರಾಚೆಯ ಪ್ರಶಾಂತ ಜಾಗದಲ್ಲಿ ಇರಬೇಕಲ್ಲವೇ? ನಗರದ ಗದ್ದಲದಲ್ಲಿ ಏಕೆ?

ಮೊದಲಿನಿಂದಲೂ ಇದರ ಜಾಗ ನಗರವೇ. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1563ರ ಜುಲೈ 15ರಂದು ತನ್ನ 23ನೇ ಅಧಿವೇಶನದಲ್ಲಿ ಪ್ರತಿ ಧರ್ಮಪ್ರಾಂತ್ಯವೂ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಇಂಥ ಶಾಲೆ ನಡೆಸಬೇಕೆಂದು ವಿಧಿಸಿತು. ಪ್ರಧಾನಾಲಯದ (ಬಿಷಪ್ಪರ ಮುಖ್ಯ ಚರ್ಚಿನ) ಹತ್ತಿರ ಅಥವಾ ಅನುಕೂಲವಾದ ಬೇರೆ ಕಡೆ ಅದಕ್ಕೆ ಜಾಗ ನೋಡಬೇಕು, ಕನಿಷ್ಠ 12 ವರ್ಷ ತುಂಬಿದ, ಓದು ಬರಹ ಬಲ್ಲ ಹುಡುಗರನ್ನು ತೆಗೆದುಕೊಳ್ಳಬೇಕು, ಅದರಲ್ಲೂ ಬಡವರ ಮಕ್ಕಳಿಗೆ ಆದ್ಯತೆ ಕೊಡಬೇಕು ಎನ್ನುವುದು ಆ ನಿರ್ಣಯದ ತಿರುಳು. ಮರುವರ್ಷವೇ, 1564ರಲ್ಲಿ, ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಆ ನಗರದಲ್ಲಿ ಸೆಮಿನರಿ ತೆರೆದರು. ನ್ಯೂಯಾರ್ಕಿನ ಜನರಲ್ ಥಿಯಾಲಾಜಿಕಲ್ ಸೆಮಿನರಿ 1817ರಲ್ಲೂ ಯೂನಿಯನ್ ಥಿಯಾಲಾಜಿಕಲ್ ಸೆಮಿನರಿ 1836ರಲ್ಲೂ ಹುಟ್ಟಿದವು. ಯೂನಿಯನ್ 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪಕ್ಕದ ಇಂದಿನ ಜಾಗಕ್ಕೆ ಬಂತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಶುರುವಾದದ್ದೂ ಅದೇ 1910ರಲ್ಲಿ.

ಕಾರಣಗಳು ಸರಳ. ಆಸ್ಪತ್ರೆ, ಸೆರೆಮನೆ, ಕೊಳೆಗೇರಿ, ವೃದ್ಧಾಶ್ರಮ, ವಿಶ್ವವಿದ್ಯಾಲಯ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ ಸಿಗುವುದು ನಗರದಲ್ಲಿ. ನಾಳೆ ಸಾವಿನ ಮನೆಗೆ ಹೋಗಿ ಮಾತಾಡಬೇಕಾದವರು ಇಂದು ಜನರಿಂದ ದೂರವಿದ್ದು ಕಲಿತರೆ ಆ ಕಲಿಕೆ ಅರೆಬರೆ. ಆದರೆ ಬರೀ ಗದ್ದಲದಲ್ಲಿ ಒಳಗಿನ ದನಿ ಕೇಳಿಸುವುದಿಲ್ಲ ಎನ್ನುವುದೂ ನಿಜ. ಒಳಗೆ ಮೌನ ಉಳಿಯಬೇಕು, ಬೀದಿಗೆ ಬಾಗಿಲೂ ತೆರೆದಿರಬೇಕು. ನಗರದ ಸೆಮಿನರಿಯ ಗೋಡೆ, ಅಂಗಳ, ವೇಳಾಪಟ್ಟಿಗಳೆಲ್ಲ ಈ ಎರಡನ್ನೂ ಒಟ್ಟಿಗೆ ಸಾಧಿಸುವ ಪ್ರಯತ್ನವೇ.

ಆವರಣದಲ್ಲಿ ಯಾವ ಕಟ್ಟಡ ಎಲ್ಲಿರುತ್ತದೆ? ಅದಕ್ಕೊಂದು ಲೆಕ್ಕವಿದೆಯೇ?

ಇದೆ. ಜಾಗ ಕಿರಿದಾದಷ್ಟೂ ಲೆಕ್ಕ ಬಿಗಿ. ಚೆನ್ನಾಗಿ ಯೋಜಿಸಿದ ಆವರಣದಲ್ಲಿ ಮೂರು ಸುತ್ತುಗಳು ಕಾಣುತ್ತವೆ. ಬೀದಿಗೆ ಅಂಟಿಕೊಂಡ ಹೊರಸುತ್ತಿನಲ್ಲಿ ಗೇಟು, ಕಚೇರಿ, ಸಂದರ್ಶಕರ ಕೋಣೆ, ಸಭಾಂಗಣ, ಗ್ರಂಥಾಲಯದ ಬಾಗಿಲು. ನಡುಸುತ್ತಿನಲ್ಲಿ ತರಗತಿಗಳು, ಚಾಪೆಲ್ (ಆವರಣದ ಪ್ರಾರ್ಥನಾಲಯ), ಊಟದ ಮನೆ. ಒಳಸುತ್ತಿನಲ್ಲಿ ವಾಸದ ಕೋಣೆಗಳು, ಧ್ಯಾನದ ಕೋಣೆ, ತೋಟ.

ಹಳೆಯ ನಗರ ಸೆಮಿನರಿಗಳು ಹೆಚ್ಚಾಗಿ ನಡುವಂಗಳದ ಸುತ್ತ ಕಟ್ಟಿದವು. ಕಟ್ಟಡಗಳೇ ಕಾಂಪೌಂಡ್ ಗೋಡೆಯ ಕೆಲಸ ಮಾಡುತ್ತವೆ, ಬೀದಿಯ ಕಡೆ ಬೆನ್ನು, ಅಂಗಳದ ಕಡೆ ಮುಖ. ಅಂಗಳದ ಸುತ್ತ ಕಂಬಸಾಲಿನ ಪಡಸಾಲೆ ಇದ್ದರೆ ಮಳೆಯಲ್ಲೂ ನೆನೆಯದೆ ಕೋಣೆಯಿಂದ ಚಾಪೆಲಿಗೆ, ಚಾಪೆಲಿನಿಂದ ಊಟಕ್ಕೆ ಹೋಗಬಹುದು. ಬೀದಿಯ ಸದ್ದಿಗೆ ಎರಡು ಮೂರು ಅಂತಸ್ತಿನ ಕಟ್ಟಡವೇ ತಡೆಯಾಗುವುದರಿಂದ ಅಂಗಳದಲ್ಲಿ ಪುಸ್ತಕ ಹಿಡಿದು ಕೂರಬಹುದು. ನ್ಯೂಯಾರ್ಕಿನ ಚೆಲ್ಸಿ ಬಡಾವಣೆಯಲ್ಲಿ ಜನರಲ್ ಸೆಮಿನರಿ ಒಂದು ಇಡೀ ನಗರ ಚೌಕವನ್ನು ಹೀಗೆ ಬಳಸಿಕೊಂಡು ಚಾಪೆಲನ್ನು ನಡುವಿಗೆ ಇಟ್ಟಿತ್ತು.

ಹೊಸ ಕಟ್ಟಡ ಸೇರಿಸುವಾಗ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ: ಖಾಲಿ ಕಾಣುತ್ತದೆ ಎಂದು ಅಂಗಳಕ್ಕೇ ಕೈಹಾಕುವುದು, ಅಥವಾ ಅಲ್ಲಿ ವಾಹನ ನಿಲ್ಲಿಸುವುದು. ವಾಹನಗಳು ಒಳಗೆ ಬಂದ ದಿನವೇ ನಡುವಂಗಳ ಸತ್ತಂತೆ. ವಾಹನ ನಿಲುಗಡೆಯನ್ನು ಗೇಟಿನ ಪಕ್ಕದಲ್ಲೇ ಮುಗಿಸಿಬಿಡಬೇಕು.

ಚಾಪೆಲಿನಲ್ಲಿ ಬೆಂಚುಗಳು ಎದುರುಬದುರಾಗಿ ಏಕಿವೆ? ಚರ್ಚಿನಲ್ಲಿ ಹೀಗಿರುವುದಿಲ್ಲವಲ್ಲ.

ಬೈಬಲಿನ ಕೀರ್ತನೆಗಳನ್ನು ಎರಡು ಗುಂಪಾಗಿ ಹೇಳುವುದಕ್ಕೆ. ಒಂದು ಚರಣ ಈ ಬದಿಯವರು, ಮುಂದಿನದು ಆ ಬದಿಯವರು. ದಿನವೂ ಬೆಳಿಗ್ಗೆ ಸಂಜೆ ಹೀಗೆ ಪ್ರಾರ್ಥಿಸುವ ಸಮುದಾಯ ಒಬ್ಬರ ಬೆನ್ನು ಒಬ್ಬರು ನೋಡುತ್ತ ಕೂತರೆ ಲಯ ಕೂಡುವುದಿಲ್ಲ. ಎದುರಿನವರ ಉಸಿರು ನೋಡಿಯೇ ಯಾವಾಗ ಶುರು ಮಾಡಬೇಕೆಂದು ತಿಳಿಯುತ್ತದೆ. ಹೊಸಬರಿಗೊಂದು ಸೂಚನೆ: ಚರಣದ ನಡುವಿನ ನಕ್ಷತ್ರದ ಗುರುತಿನ ಬಳಿ ಒಂದು ಉಸಿರಿನಷ್ಟು ನಿಲ್ಲಿ, ಚರಣ ಮುಗಿದಾಗ ನಿಲ್ಲಬೇಡಿ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ.

ಭಾನುವಾರ ಹೊರಗಿನವರೂ ಬರುವ ಚಾಪೆಲಿನಲ್ಲಿ ಇದೇ ಏರ್ಪಾಡು ತೊಡಕಾಗುತ್ತದೆ, ಮೊದಲ ಬಾರಿ ಬಂದವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿರುವಂತೆ ಅನಿಸುತ್ತದೆ. ಬಾಗಿಲ ಕಡೆಯ ಮೂರು ನಾಲ್ಕು ಸಾಲು ಕುರ್ಚಿಗಳನ್ನು ಬಲಿಪೀಠದತ್ತ ಮುಖವಾಗಿ ಹಾಕಿದರೆ ಸಾಕು.

ಚಾಪೆಲಿನಲ್ಲಿ ಹಾಡು ತುಂಬ ಚೆನ್ನಾಗಿ ಕೇಳುತ್ತದೆ, ಆದರೆ ಪ್ರಸಂಗದ (ಆರಾಧನೆಯ ಉಪದೇಶದ) ಮಾತು ಕಲಸಿಹೋಗುತ್ತದೆ. ಏನು ಮಾಡಬೇಕು?

ಸದ್ದು ನಿಂತ ಮೇಲೂ ಗೋಡೆಗಳ ನಡುವೆ ಅದು ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದೇ ಇಲ್ಲಿನ ವಿಷಯ. ಮಾತಿಗೆ ಸುಮಾರು 1 ಸೆಕೆಂಡ್ ಸಾಕು. ಆರ್ಗನ್ ಮತ್ತು ಸಮೂಹಗಾನಕ್ಕೆ 2 ಸೆಕೆಂಡ್ ಅಥವಾ ಹೆಚ್ಚು ಬೇಕು. ಕಲ್ಲಿನ ಗೋಡೆ, ಎತ್ತರದ ಕಮಾನು ಇರುವ ಚಾಪೆಲ್ ಖಾಲಿಯಿದ್ದಾಗ 3 ಸೆಕೆಂಡ್ ದಾಟುವುದೂ ಉಂಟು.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ನೆಲಕ್ಕೆ ಕಾರ್ಪೆಟ್ ಹಾಸುವುದು. ದಯವಿಟ್ಟು ಬೇಡ. ಕಾರ್ಪೆಟ್ ಮೇಲಿನ ಸ್ವರಗಳನ್ನಷ್ಟೇ ನುಂಗಿ ಕೆಳಗಿನ ಗುಂಯ್‌ಗುಡುವಿಕೆಯನ್ನು ಹಾಗೇ ಬಿಡುತ್ತದೆ. ಮಾತೂ ಸ್ಪಷ್ಟವಾಗುವುದಿಲ್ಲ, ಹಾಡುವವರಿಗೆ ತಮ್ಮ ಪಕ್ಕದವರ ದನಿಯೂ ಕೇಳದೆ ಎಲ್ಲರೂ ಪಿಸುಗುಟ್ಟತೊಡಗುತ್ತಾರೆ. ಬದಲಿಗೆ ಹೀಗೆ ಮಾಡಿ: ಮುಂದೆ ಎರಡು ದೊಡ್ಡ ಸ್ಪೀಕರ್ ಇಡುವ ಬದಲು ಉದ್ದನೆಯ ಕಂಬದಂಥ ಸಣ್ಣ ಸ್ಪೀಕರ್‌ಗಳನ್ನು ಕೇಳುವವರ ಹತ್ತಿರ, ಕೂತವರ ಕಿವಿಗೆ ಗುರಿಯಾಗುವಂತೆ ಕೂರಿಸಿ. ಹಿಂದಿನ ಸ್ಪೀಕರ್‌ಗಳಿಗೆ ಪ್ರಸಂಗಪೀಠದಿಂದ ಪ್ರತಿ ಮೀಟರ್ ದೂರಕ್ಕೆ ಸುಮಾರು 3 ಮಿಲಿಸೆಕೆಂಡ್ ಲೆಕ್ಕದಲ್ಲಿ ವಿಳಂಬ ಕೊಡಿ. ಕೊಡದಿದ್ದರೆ ಮಾತು ಎರಡೆರಡು ಸಲ ಕೇಳುತ್ತದೆ. ದನಿ ಹೆಚ್ಚಿಸುವುದರಿಂದ ಏನೂ ಪ್ರಯೋಜನವಿಲ್ಲ, ಕಮಾನಿನಿಂದ ಮರಳುವ ಸದ್ದೂ ಅಷ್ಟೇ ಹೆಚ್ಚುತ್ತದೆ. ಪ್ರಸಂಗ ಮಾಡುವವರು ವಾಕ್ಯದ ಕೊನೆಯ ಪದವನ್ನು ನುಂಗದೆ, ವಾಕ್ಯಗಳ ನಡುವೆ ಬಿಡುವು ಕೊಟ್ಟರೆ ಯಾವ ಯಂತ್ರವೂ ಕೊಡದ ಸ್ಪಷ್ಟತೆ ಬರುತ್ತದೆ.

ಪೈಪ್ ಆರ್ಗನ್ ಪ್ರತಿ ಹಬ್ಬಕ್ಕೂ ಶ್ರುತಿ ತಪ್ಪುತ್ತದೆ. ಕೆಟ್ಟಿದೆಯೇ?

ಬಹುಪಾಲು ಕೆಟ್ಟಿರುವುದಿಲ್ಲ. ಗಾಳಿ ಬೆಚ್ಚಗಾದಂತೆ ಕೊಳಲಿನಂಥ ಪೈಪುಗಳ ಶ್ರುತಿ ಏರುತ್ತದೆ: ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಅರ್ಧ ಸ್ವರದ ನೂರರಲ್ಲಿ 3 ಪಾಲಿನಷ್ಟು. ನಾಲಗೆ ಇರುವ ಪೈಪುಗಳು ಅಷ್ಟು ಬದಲಾಗುವುದಿಲ್ಲ. ಹಾಗಾಗಿ ಎರಡು ಬಗೆಯವೂ ಒಂದಕ್ಕೊಂದು ಹೊಂದದೆ ಕಿವಿಗೆ ಚುಚ್ಚುತ್ತವೆ. ಆರಾಧನೆಯ ಹೊತ್ತಿಗೆ ಚಾಪೆಲ್ ಯಾವ ಉಷ್ಣಾಂಶದಲ್ಲಿ ಇರುತ್ತದೋ ಅದೇ ಉಷ್ಣಾಂಶದಲ್ಲಿ ಶ್ರುತಿ ಮಾಡಿಸಬೇಕು. ನಸುಕಿನ ತಂಪಿನಲ್ಲಿ ಶ್ರುತಿ ಮಾಡಿ ಜನ ತುಂಬಿದಾಗ ನುಡಿಸಿದರೆ ತಪ್ಪೇ ತಪ್ಪುತ್ತದೆ. ಗಾಳಿ ತೀರ ಒಣಗಿದರೆ ಮರ ಬಿರುಕುಬಿಟ್ಟು, ಚರ್ಮದ ಕವಾಟಗಳು ಸೆಡೆತು, ಬೆರಳು ಮುಟ್ಟದ ಕೀಯೂ ತಾನಾಗಿ ಕೂಗತೊಡಗುತ್ತದೆ. ಅದು ಮಾತ್ರ ನಿಜವಾದ ದುರಸ್ತಿ.

ಸ್ಯಾಕ್ರಿಸ್ಟಿಯಲ್ಲಿ (ಆರಾಧನೆಯ ಪಾತ್ರೆ, ಉಡುಪು ಇಡುವ ಕೋಣೆಯಲ್ಲಿ) ಎರಡು ಸಿಂಕ್ ಏಕೆ?

ಒಂದು ಕೈ ತೊಳೆಯಲು, ಹೂದಾನಿ ತೊಳೆಯಲು. ಇನ್ನೊಂದು, ಮುಚ್ಚಳವಿರುವುದು, ಸ್ಯಾಕ್ರೇರಿಯಂ. ಅದರ ಕೊಳವೆ ಒಳಚರಂಡಿಗೆ ಹೋಗುವುದಿಲ್ಲ, ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಪರಮ ಪ್ರಸಾದದ (ಪವಿತ್ರಗೊಳಿಸಿದ ರೊಟ್ಟಿ, ದ್ರಾಕ್ಷಾರಸದ) ಪಾತ್ರೆ ತೊಳೆದ ನೀರು, ಬಲಿಪೀಠದ ಬಟ್ಟೆಗಳ ಮೊದಲ ಜಾಲಾಡಿಸಿದ ನೀರು, ಉಳಿದ ಪವಿತ್ರ ಜಲ ಅಲ್ಲಿಗೆ ಹೋಗಬೇಕು. ಕಟ್ಟಡ ನವೀಕರಿಸುವಾಗ ವಿಷಯ ತಿಳಿಯದ ಪ್ಲಂಬರ್ ಇದನ್ನೂ ಒಳಚರಂಡಿಗೆ ಜೋಡಿಸಿಬಿಡುವುದು ಬಹಳ ಸಾಮಾನ್ಯ. ಕೊಳವೆಯ ಮೇಲೆ ಅಳಿಸದ ಬಣ್ಣದಲ್ಲಿ ಹೆಸರು ಬರೆಸಿ, ಕಟ್ಟಡದ ನಕ್ಷೆಯಲ್ಲೂ ಗುರುತು ಹಾಕಿಸಿ. ಚಾಪೆಲ್ ಮಹಡಿಯ ಮೇಲಿದ್ದರೆ ನೆಲದವರೆಗೂ ಪ್ರತ್ಯೇಕ ಕೊಳವೆಯೇ ಬೇಕು.

ಗಂಟೆ ದಿನಕ್ಕೆ ಎಷ್ಟು ಬಾರಿ ಬಾರಿಸುತ್ತದೆ? ಪಕ್ಕದ ಮನೆಯವರಿಗೆ ತೊಂದರೆಯಲ್ಲವೇ?

ಎರಡು ಬಗೆಯ ಗಂಟೆಗಳಿವೆ. ಹೊರಗಿನದು ಗೋಪುರದ್ದು. ಕಥೋಲಿಕ ಪದ್ಧತಿಯಲ್ಲಿ ಬೆಳಿಗ್ಗೆ, ನಡುಹಗಲು, ಸಂಜೆ ದೇವದೂತನ ಪ್ರಾರ್ಥನೆಗೆ ಬಾರಿಸುತ್ತಾರೆ: ಮೂರು, ಮೂರು, ಮೂರು ಪೆಟ್ಟು, ಕೊನೆಗೆ ಒಂಬತ್ತು. ಒಳಗಿನದು ಏಳಲು, ಪಾಠಕ್ಕೆ, ಊಟಕ್ಕೆ ಕರೆಯುವ ಸಣ್ಣ ಗಂಟೆ. ಅದು ಕಾಂಪೌಂಡ್ ದಾಟಬಾರದು. ನೆರೆಯವರೊಂದಿಗೆ ಜಗಳ ಹುಟ್ಟುವುದು ಹೆಚ್ಚಾಗಿ ನಸುಕಿನ ಗಂಟೆಯಿಂದ. ಅದನ್ನು ಒಳಗಿನ ಗಂಟೆಗೆ ಬಿಟ್ಟು, ಗೋಪುರದ ಗಂಟೆಯನ್ನು ನಡುಹಗಲು ಮತ್ತು ಸಂಜೆಗೆ ಉಳಿಸಿಕೊಂಡರೆ ಯಾರಿಗೂ ತೊಂದರೆಯಿಲ್ಲ. ಗೋಪುರದ ಕಿಂಡಿಗಳಲ್ಲಿ ಕೆಳಗಿನ ಅರ್ಧವನ್ನು ಮರದ ಹಲಗೆಯಿಂದ ಮುಚ್ಚಿದರೆ ಸದ್ದು ಹತ್ತಿರದ ಮನೆಗಳ ಮೇಲೆ ಬೀಳದೆ ಮೇಲಕ್ಕೆ ಹೋಗಿ ಮೃದುವಾಗಿ ಹರಡುತ್ತದೆ.

ಗ್ರಂಥಾಲಯವನ್ನು ಮೇಲಿನ ಮಹಡಿಗೆ ಸಾಗಿಸಬಹುದೇ? ಕೋಣೆಗಳು ಖಾಲಿ ಇವೆ.

ಎಂಜಿನಿಯರ್ ಲಿಖಿತವಾಗಿ ಒಪ್ಪದೆ ಒಂದು ಕಪಾಟನ್ನೂ ಸಾಗಿಸಬೇಡಿ. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರುವಂತೆ ಕಟ್ಟಿರುತ್ತಾರೆ. ಪುಸ್ತಕದ ಕಪಾಟುಗಳ ಸಾಲಿಗೆ ಅದರ ಮೂರರಷ್ಟು, 600ರಿಂದ 700 ಕೆ.ಜಿ. ಬೇಕು. ಹಳಿಗಳ ಮೇಲೆ ಜರುಗುವ ಒತ್ತೊತ್ತು ಕಪಾಟುಗಳಿಗೆ ಇನ್ನೂ ಹೆಚ್ಚು. ದೈವಶಾಸ್ತ್ರದ ಗ್ರಂಥಾಲಯ ಬೇರೆ ಗ್ರಂಥಾಲಯಗಳಿಗಿಂತ ಭಾರ, ಏಕೆಂದರೆ ವ್ಯಾಖ್ಯಾನಗಳು, ನಿಘಂಟುಗಳು, ಸಭಾಪಿತೃಗಳ (ಆರಂಭದ ಶತಮಾನಗಳ ಕ್ರೈಸ್ತ ಗುರುಗಳ) ಬರಹಗಳು ದಪ್ಪ ಸಂಪುಟಗಳ ಸಾಲುಸಾಲಾಗಿ ಬರುತ್ತವೆ. ಮೊದಲ ಸುಳಿವು ಕೆಳಗಿನ ಕೋಣೆಯ ಛಾವಣಿಯಲ್ಲಿ ಕೂದಲೆಳೆಯ ಬಿರುಕು, ಮೇಲಿನ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು.

ಜಾಗ ಯಾವುದೇ ಇರಲಿ, ಗಾಳಿಯ ತೇವಾಂಶ ಶೇ. 60 ದಾಟದಂತೆ ನೋಡಿಕೊಳ್ಳಿ. ಶೇ. 65ರ ಮೇಲೆ ಕೆಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಕಪಾಟಿನ ಬೆನ್ನಿಗೂ ಹೊರಗೋಡೆಗೂ ನಡುವೆ ಕನಿಷ್ಠ 5 ಸೆಂ.ಮೀ., ಕೆಳಗಿನ ತಟ್ಟೆಗೂ ನೆಲಕ್ಕೂ ನಡುವೆ 10ರಿಂದ 15 ಸೆಂ.ಮೀ. ಬಿಡಿ. ಮೇಲೆ ಶೌಚಾಲಯವೋ ನೀರಿನ ಟ್ಯಾಂಕೋ ಇರುವ ಕೋಣೆಯಲ್ಲಿ ಹಸ್ತಪ್ರತಿ, ಹಳೆಯ ಸಭಾ ದಾಖಲೆ ಇಡಬೇಡಿ. ಒಂದು ಕೊಳವೆ ಒಡೆದರೆ ನೂರು ವರ್ಷದ ದೀಕ್ಷಾಸ್ನಾನದ ದಾಖಲೆ ಒಂದು ರಾತ್ರಿಯಲ್ಲಿ ಮುದ್ದೆಯಾಗುತ್ತದೆ, ಅದರ ಎರಡನೇ ಪ್ರತಿ ಜಗತ್ತಿನಲ್ಲಿ ಎಲ್ಲೂ ಇರುವುದಿಲ್ಲ.

ಪುಸ್ತಕಗಳ ಸಂಖ್ಯೆ ಇಷ್ಟುದ್ದ ಏಕೆ? ಹುಡುಕುವುದೇ ಕಷ್ಟ.

ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಧರ್ಮಕ್ಕೆಲ್ಲ ಸೇರಿ ಸಿಗುವುದು 200ರಿಂದ 299. ಬೈಬಲ್ 220ರಲ್ಲಿ, ಕ್ರೈಸ್ತ ದೈವಶಾಸ್ತ್ರ 230ರಲ್ಲಿ. ಸಂಗ್ರಹದ ಬಹುಪಾಲು ಇಷ್ಟೇ ಸಂಖ್ಯೆಗಳೊಳಗೆ ತುಂಬಿದಾಗ ಬಿಂದುವಿನ ನಂತರದ ಅಂಕಿಗಳು ಬೆಳೆಯುತ್ತವೆ. ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯ ಗ್ರಂಥಪಾಲಕಿ ಜೂಲಿಯಾ ಪೆಟೀ ದೈವಶಾಸ್ತ್ರಕ್ಕೆಂದೇ ಬೇರೆ ವರ್ಗೀಕರಣ ರೂಪಿಸಿದರು. ಇಂದು ಹಲವೆಡೆ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿ ಇದೆ: ಬಿಎಸ್ ಎಂದರೆ ಬೈಬಲ್, ಬಿಟಿ ಎಂದರೆ ಸಿದ್ಧಾಂತ, ಬಿವಿ ಎಂದರೆ ಆರಾಧನೆ ಮತ್ತು ಪಾಲನಾ ಸೇವೆ, ಬಿಎಕ್ಸ್ ಎಂದರೆ ಪಂಗಡಗಳು.

ವಿದ್ಯಾರ್ಥಿಯ ಕೋಣೆ ಹೇಗಿರುತ್ತದೆ?

ಮಂಚ, ಮೇಜು, ಕುರ್ಚಿ, ಪುಸ್ತಕದ ತಟ್ಟೆ, ಬಟ್ಟೆಯ ಬೀರು, ಒಂದು ಶಿಲುಬೆ. ಒಬ್ಬರ ಕೋಣೆಗೆ 9ರಿಂದ 12 ಚದರ ಮೀಟರ್ ಇದ್ದರೆ ಒಳ್ಳೆಯದು. ಹಾಸಿಗೆಗಿಂತ ಮೇಜು ಮುಖ್ಯ: ಹೀಬ್ರೂ ಓದುವವರು ಪಠ್ಯ, ನಿಘಂಟು, ವ್ಯಾಕರಣ, ನೋಟ್‌ಬುಕ್ ನಾಲ್ಕನ್ನೂ ಒಟ್ಟಿಗೆ ತೆರೆದಿಡಬೇಕು, ಅದಕ್ಕೆ 120 ಸೆಂ.ಮೀ. ಅಗಲವಾದರೂ ಬೇಕು.

ನಗರದಲ್ಲಿ ಕೋಣೆಯ ದೊಡ್ಡ ಶತ್ರು ಬೀದಿಯ ಸದ್ದು. ಇರುವ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಕಿಟಕಿಯನ್ನು 10 ಸೆಂ.ಮೀ. ಅಂತರ ಬಿಟ್ಟು ಕೂರಿಸಿದರೆ ಬಸ್ಸು ಲಾರಿಗಳ ಗುಡುಗು ಚೆನ್ನಾಗಿ ತಗ್ಗುತ್ತದೆ. ಗಾಜು ಎರಡಿದ್ದರೂ ಅಂತರ 1 ಸೆಂ.ಮೀ. ಇದ್ದರೆ ಆ ಕೆಳಸ್ವರದ ಸದ್ದಿಗೆ ಅದರಿಂದ ದೊಡ್ಡ ಉಪಯೋಗವಿಲ್ಲ. ಕಿಟಕಿ ಮುಚ್ಚಿದರೆ ಗಾಳಿ ಬೇಕಲ್ಲ, ಅದಕ್ಕೆ ಅಂಗಳದ ಕಡೆಯಿಂದ ಗಾಳಿ ತರುವ ದಾರಿ ಮಾಡಬೇಕು. ಪಕ್ಕದ ಕೋಣೆಯ ಸದ್ದು ಬರುವುದು ಬಹುಪಾಲು ಗೋಡೆಯಿಂದಲ್ಲ, ಬಾಗಿಲ ಕೆಳಗಿನ ಸಂದಿಯಿಂದ. ಒಂದು ರಬ್ಬರ್ ಪಟ್ಟಿ ಅರ್ಧ ದೂರುಗಳನ್ನು ನಿಲ್ಲಿಸುತ್ತದೆ.

ಒಂದು ದಿನ ಹೇಗೆ ಸಾಗುತ್ತದೆ?

ಮನೆಯಿಂದ ಮನೆಗೆ ವ್ಯತ್ಯಾಸವಿದೆ, ಆದರೆ ಕಥೋಲಿಕ ಗುರುಮಠದ ದಿನ ಹೆಚ್ಚುಕಡಿಮೆ ಹೀಗಿರುತ್ತದೆ. 5.30ಕ್ಕೆ ಏಳುವುದು. 6ಕ್ಕೆ ಅರ್ಧ ಗಂಟೆ ಮೌನ ಧ್ಯಾನ, ಆಮೇಲೆ ಪ್ರಾತಃಕಾಲದ ಪ್ರಾರ್ಥನೆ, ಬಲಿಪೂಜೆ (ಪರಮ ಪ್ರಸಾದದ ಆರಾಧನೆ). 7.30ಕ್ಕೆ ತಿಂಡಿ. 8.30ರಿಂದ 12.30ರವರೆಗೆ ನಾಲ್ಕು ಪಾಠಗಳು. ಊಟ, ಸ್ವಲ್ಪ ವಿಶ್ರಾಂತಿ. ಮಧ್ಯಾಹ್ನ ಓದು ಇಲ್ಲವೇ ವಿಚಾರಗೋಷ್ಠಿ. 4.30ರ ಸುಮಾರಿಗೆ ಆಟ ಅಥವಾ ತೋಟದ ಕೆಲಸ. 6ರಿಂದ ಓದು, 7ಕ್ಕೆ ಸಂಧ್ಯಾ ಪ್ರಾರ್ಥನೆ, 7.30ಕ್ಕೆ ಊಟ, ಹರಟೆ. 9ಕ್ಕೆ ರಾತ್ರಿ ಪ್ರಾರ್ಥನೆ. ಅಲ್ಲಿಂದ ಮರುದಿನದ ತಿಂಡಿಯವರೆಗೆ ಮೌನ.

ಪ್ರೊಟೆಸ್ಟಂಟ್ ಕಾಲೇಜುಗಳಲ್ಲಿ ಎಲ್ಲರೂ ಸೇರುವ ಆರಾಧನೆ ಸಾಮಾನ್ಯವಾಗಿ ದಿನಕ್ಕೊಂದು, 20ರಿಂದ 30 ನಿಮಿಷ, ಪಾಠಗಳ ಮೊದಲು ಅಥವಾ ನಡುವೆ. ಅದನ್ನು ನಡೆಸುವ ಹೊಣೆ ಸರದಿಯಂತೆ ವಿದ್ಯಾರ್ಥಿ ಗುಂಪುಗಳದ್ದು. ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಪ್ರಭುಭೋಜನ ಇರುತ್ತದೆ.

ಮೊದಲ ತಿಂಗಳಲ್ಲಿ ಎಡವುವ ಕಡೆ ಒಂದೇ: ರಾತ್ರಿಯ ನಿದ್ದೆ. ಬೆಳಗಿನ ಧ್ಯಾನದಲ್ಲಿ ತೂಕಡಿಸುವವರಿಗೆ ಭಕ್ತಿ ಕಡಿಮೆ ಎಂದುಕೊಳ್ಳಬೇಡಿ. ಹತ್ತಕ್ಕೆ ದೀಪ ಆರಿಸದವರು ಅವರು, ಅಷ್ಟೇ.

ರಾತ್ರಿಯ ಮೌನ ಅಷ್ಟು ಕಟ್ಟುನಿಟ್ಟೇ? ಮೊಬೈಲ್ ಇಟ್ಟುಕೊಳ್ಳಬಹುದೇ?

ಮನೆಯಿಂದ ತುರ್ತು ಕರೆ ಬಂದರೆ ಯಾರೂ ತಡೆಯುವುದಿಲ್ಲ, ಅದಕ್ಕೆಂದೇ ಕಚೇರಿಯಲ್ಲಿ ಒಂದು ಫೋನ್ ಇರುತ್ತದೆ. ಮೊಬೈಲ್ ನಿಯಮ ಒಂದೊಂದು ಕಡೆ ಒಂದೊಂದು ಬಗೆ: ಕೆಲವು ಕಡೆ ರಾತ್ರಿ ಒಪ್ಪಿಸಬೇಕು, ಕೆಲವು ಕಡೆ ಮೊದಲ ವರ್ಷ ಇಲ್ಲವೇ ಇಲ್ಲ. ಕಸಿದುಕೊಳ್ಳುವುದಕ್ಕಿಂತ ಕೋಣೆಯಾಚೆ ಪಡಸಾಲೆಯಲ್ಲಿ ಚಾರ್ಜ್ ಮಾಡುವ ಏರ್ಪಾಡು ಮೇಲು. ಮುಂದೆ ಒಬ್ಬರೇ ಇರುವಾಗ ಕಾಯುವವರು ಯಾರೂ ಇರುವುದಿಲ್ಲ, ಆದ್ದರಿಂದ ಇಲ್ಲೇ ಸ್ವಂತ ಹಿಡಿತ ಕಲಿಯಬೇಕು.

ಊಟದ ಮನೆಯಲ್ಲಿ ಒಂದು ಸಣ್ಣ ಪ್ರಸಂಗಪೀಠ ಇದೆಯಲ್ಲ, ಏಕೆ?

ಊಟದ ಹೊತ್ತಿನಲ್ಲಿ ಒಬ್ಬರು ಗಟ್ಟಿಯಾಗಿ ಓದುವ ಪದ್ಧತಿಗಾಗಿ. ಈಗ ಹೆಚ್ಚಾಗಿ ಧ್ಯಾನಕೂಟದ ದಿನಗಳಲ್ಲಿ ಮಾತ್ರ ಉಳಿದಿದೆ. ತಟ್ಟೆ ಲೋಟಗಳ ಸದ್ದಿನ ನಡುವೆ ಮೈಕಿಲ್ಲದೆ ಕೇಳಿಸುವಂತೆ ಓದಿದವರಿಗೆ ಆಮೇಲೆ ಯಾವ ಚರ್ಚೂ ದೊಡ್ಡದೆನಿಸುವುದಿಲ್ಲ.

ಒಟ್ಟು ಎಷ್ಟು ವರ್ಷ? ಏನೇನು ಓದುತ್ತಾರೆ?

ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯಂತೆ ತತ್ವಶಾಸ್ತ್ರಕ್ಕೆ ಪೂರ್ಣ 2 ವರ್ಷ, ದೈವಶಾಸ್ತ್ರಕ್ಕೆ ಪೂರ್ಣ 4 ವರ್ಷ, ಒಟ್ಟು ಕನಿಷ್ಠ 6. ಅದಕ್ಕೂ ಮೊದಲು ಸಿದ್ಧತೆಯ ಹಂತವೊಂದಿದೆ, 2016ರ ಮಾರ್ಗಸೂಚಿಯಂತೆ ಅದು ಒಂದು ವರ್ಷಕ್ಕಿಂತ ಕಡಿಮೆಯಿರಬಾರದು, ಎರಡನ್ನು ಮೀರಬಾರದು. ಭಾರತದ ಬಹಳಷ್ಟು ಪ್ರೊಟೆಸ್ಟಂಟ್ ಕಾಲೇಜುಗಳು ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್‌ಗೆ (ಪದವಿ ಕೊಡುವ ಮಂಡಳಿಗೆ) ಸೇರಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಕೊಡುತ್ತವೆ. ಸೆರಾಂಪುರ ಕಾಲೇಜು 1818ರಲ್ಲಿ ಶುರುವಾಗಿ 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದಿನಿಂದ ಪದವಿ ಕೊಡುವ ಅಧಿಕಾರ ಪಡೆದದ್ದು.

ಬೈಬಲ್, ಗ್ರೀಕ್, ಹೀಬ್ರೂ, ಸಭೆಯ ಇತಿಹಾಸ, ಸಿದ್ಧಾಂತ, ನೀತಿಶಾಸ್ತ್ರ, ಇತರ ಧರ್ಮಗಳು, ಆಪ್ತಸಲಹೆ, ಪ್ರಸಂಗಕಲೆ. ಪ್ರಸಂಗದ ಅಭ್ಯಾಸಕ್ಕೆ ಚಾಪೆಲಿಗಿಂತ 20 ಜನ ಕೂರುವ ಸಣ್ಣ ಕೋಣೆ ಒಳ್ಳೆಯದು. ಹಿಂಬದಿಯಲ್ಲಿ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ, ಮಾತಾಡುವವರಿಗೆ ಕಾಣುವಂತೆ ಗಡಿಯಾರ, 10 ನಿಮಿಷ ಮಿತಿ. ಸಹಪಾಠಿಗಳು ಮೊದಲು ತಮಗೆ ನೆನಪುಳಿದ ಒಂದೇ ಮಾತನ್ನು ಬರೆದು ಕೊಡಬೇಕು, ವಿಮರ್ಶೆ ಆಮೇಲೆ. ಹತ್ತು ಜನ ಹತ್ತು ಬೇರೆ ಮಾತು ಬರೆದರೆ ಪ್ರಸಂಗಕ್ಕೆ ತಿರುಳು ಇರಲಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ.

ಆಧ್ಯಾತ್ಮಿಕ ನಿರ್ದೇಶಕರ ಕೋಣೆ ಕಚೇರಿಯಿಂದ ಅಷ್ಟು ದೂರ ಏಕೆ?

ಬೇಕೆಂದೇ. ವಿದ್ಯಾರ್ಥಿಗೆ ಗುರುದೀಕ್ಷೆ ಕೊಡಬಹುದೇ, ಅವರನ್ನು ಕಳುಹಿಸಿಬಿಡಬೇಕೇ ಎಂದು ತೀರ್ಮಾನಿಸುವಾಗ ಆಧ್ಯಾತ್ಮಿಕ ನಿರ್ದೇಶಕರ ಅಥವಾ ಪಾಪನಿವೇದನೆ ಕೇಳಿದ ಗುರುಗಳ ಅಭಿಪ್ರಾಯವನ್ನು ಎಂದೂ ಕೇಳಬಾರದೆಂದು ಕಥೋಲಿಕ ಕಾನೂನು ಹೇಳುತ್ತದೆ. ಮನಸ್ಸು ಬಿಚ್ಚಿ ಹೇಳಿದ ಮಾತು ವರದಿಯಾಗುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಮನಸ್ಸು ಬಿಚ್ಚುತ್ತದೆ. ಸೆಮಿನರಿಯ ಮುಖ್ಯಸ್ಥರಾದ ರೆಕ್ಟರ್ ಕಚೇರಿಯ ಎದುರೇ ಆ ಕೋಣೆಯ ಬಾಗಿಲಿದ್ದರೆ ಯಾರು ಎಷ್ಟು ಬಾರಿ ಹೋದರು ಎಂಬುದೇ ಒಂದು ವರದಿಯಾಗುತ್ತದೆ. ಚಾಪೆಲಿನ ಪಕ್ಕದ, ಎಲ್ಲರೂ ಓಡಾಡುವ ಪಡಸಾಲೆಯಲ್ಲಿ ಅದು ಇರುವುದು ಒಳ್ಳೆಯದು.

ಹೊರಗಿನವರಿಗೆ ಆಪ್ತಸಲಹೆ ಕೊಡುವ ಕೋಣೆಯ ನಿಯಮ ಬೇರೆ. ಅದು ನೆಲಮಹಡಿಯಲ್ಲಿ ಗೇಟಿನ ಬಳಿ ಇರಬೇಕು, ಬಾಗಿಲಿಗೆ ಗಾಜಿನ ಕಿಂಡಿ ಇರಬೇಕು: ಮಾತು ಕೇಳಬಾರದು, ಆದರೆ ಒಳಗಿನವರು ಕಾಣಬೇಕು. ಎರಡೂ ಕಡೆಯವರ ಸುರಕ್ಷತೆಗೆ ಇದು ಅಗತ್ಯ, ವಿನಾಯಿತಿ ಕೊಡಬಾರದು.

ಮದುವೆಯಾದವರು, ಮಹಿಳೆಯರು ಓದಬಹುದೇ?

ಬಹುತೇಕ ಪ್ರೊಟೆಸ್ಟಂಟ್ ಕಾಲೇಜುಗಳಲ್ಲಿ ಇಬ್ಬರೂ ಇದ್ದಾರೆ. ಕುಟುಂಬದ ವಸತಿಯನ್ನು ಒಂಟಿ ಕೋಣೆಗಳ ಸಾಲಿನಲ್ಲಿ ಇಡಬಾರದು. ಮಗು ಅಳುವುದು ತಪ್ಪಲ್ಲ, ಪರೀಕ್ಷೆಗೆ ಓದುವುದೂ ತಪ್ಪಲ್ಲ, ಆದರೆ ಒಂದೇ ಗೋಡೆ ಇಬ್ಬರಿಗೂ ಶಿಕ್ಷೆ. ಓದುತ್ತಿರುವವರ ಸಂಗಾತಿ ಪರಿಚಯವಿಲ್ಲದ ನಗರದಲ್ಲಿ ಒಂಟಿಯಾಗುವುದು ಕುಟುಂಬಗಳು ಅನುಭವಿಸುವ ದೊಡ್ಡ ಕಷ್ಟ. ತರಗತಿಗೆ ಕೂರಲು, ಗ್ರಂಥಾಲಯ ಬಳಸಲು ಅವರಿಗೂ ಮೊದಲ ವಾರದಲ್ಲೇ ಚೀಟಿ ಕೊಡಿ.

ವಾರಾಂತ್ಯದಲ್ಲಿ ಆವರಣ ಖಾಲಿ ಏಕೆ?

ಎಲ್ಲರೂ ಕ್ಷೇತ್ರಕಾರ್ಯಕ್ಕೆ ಹೋಗಿರುತ್ತಾರೆ: ಧರ್ಮಕೇಂದ್ರ (ಸ್ಥಳೀಯ ಚರ್ಚ್), ಆಸ್ಪತ್ರೆ, ಸೆರೆಮನೆ, ಬೀದಿಮಕ್ಕಳ ಕೇಂದ್ರ. ಹೋಗಿಬಂದು ಸುಮ್ಮನಾದರೆ ಅದು ಕಲಿಕೆಯಲ್ಲ. ಒಂದು ಭೇಟಿಯ ಸಂಭಾಷಣೆಯನ್ನು ನೆನಪಿನಿಂದ ಪದಶಃ ಬರೆದು, ಹೆಸರು ಬದಲಿಸಿ, ಸೋಮವಾರ ಸಣ್ಣ ಗುಂಪಿನ ಮುಂದೆ ಓದಬೇಕು. ತಾವು ಕೇಳಿಸಿಕೊಂಡದ್ದಕ್ಕಿಂತ ಹೆಚ್ಚು ಮಾತಾಡಿದ್ದು ಕಾಗದದ ಮೇಲೆ ತಾನಾಗಿಯೇ ಕಾಣುತ್ತದೆ.

ಹೊರಗಿನವರು ಒಳಗೆ ಬರಬಹುದೇ?

ಚಾಪೆಲಿನ ಆರಾಧನೆಗೆ, ಸಾರ್ವಜನಿಕ ಉಪನ್ಯಾಸಗಳಿಗೆ ಬಹುತೇಕ ಕಡೆ ಬರಬಹುದು. ಗ್ರಂಥಾಲಯಕ್ಕೆ ಗುರುತಿನ ಚೀಟಿ, ಕೆಲವೆಡೆ ಪರಿಚಯಪತ್ರ ಬೇಕು. ವಾಸದ ಕಟ್ಟಡಗಳಿಗೆ ಪ್ರವೇಶವಿಲ್ಲ. ಚಾಪೆಲಿಗೆ ಬೀದಿಯಿಂದ ಒಂದು, ಅಂಗಳದಿಂದ ಒಂದು ಬಾಗಿಲಿದ್ದರೆ ಈ ಎಲ್ಲ ತೊಡಕೂ ಮುಗಿಯುತ್ತದೆ: ಕಾವಲುಗಾರರನ್ನು ದಾಟದೆ ಯಾರಾದರೂ ಬಂದು ಹತ್ತು ನಿಮಿಷ ಕೂತು ಹೋಗಬಹುದು.

ಹಳೆಯ ಗೋಡೆಗಳ ಬುಡದಲ್ಲಿ ತೇವ ಏರುತ್ತಿದೆ. ಸಿಮೆಂಟ್ ಬಳಿದರೂ ನಿಲ್ಲುತ್ತಿಲ್ಲ.

ಸಿಮೆಂಟ್ ಬಳಿದದ್ದೇ ಕಾರಣ. ಹಳೆಯ ಕಟ್ಟಡಗಳು ಸುಣ್ಣದ ಗಾರೆಯವು. ನೆಲದಿಂದ ಏರಿದ ತೇವ ಗಾರೆಯ ಮೂಲಕ ಆವಿಯಾಗಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚುವುದರಿಂದ ತೇವ ಇನ್ನೂ ಮೇಲೇರಿ, ಉಪ್ಪು ಕಟ್ಟಿ, ಇಟ್ಟಿಗೆಯ ಮುಖ ಪುಡಿಯಾಗುತ್ತದೆ. ಕ್ರಮ ಹೀಗಿರಲಿ: ಮೊದಲು ಛಾವಣಿಯ ದೋಣಿಗಳನ್ನೂ ಇಳಿಕೊಳವೆಗಳನ್ನೂ ಸ್ವಚ್ಛಮಾಡಿ, ಅದರಲ್ಲೂ ಚಾಪೆಲಿನ ಛಾವಣಿ ಪಕ್ಕದ ಕಟ್ಟಡವನ್ನು ಕೂಡುವ ಸಂದು. ಎಲೆ ಕಟ್ಟುವುದು ಅಲ್ಲೇ. ಆಮೇಲೆ ಗೋಡೆಯ ಬುಡದ ಮಣ್ಣು ಅಥವಾ ಕಾಂಕ್ರೀಟನ್ನು ಒಳಗಿನ ನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿಳಿಸಿ. ನಂತರ ಸಿಮೆಂಟ್ ಕಿತ್ತು, ಗೋಡೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಸುಣ್ಣದ ಗಾರೆ ಹಚ್ಚಿ, ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಬಣ್ಣ ಬೇಡ.

ಬಣ್ಣದ ಗಾಜಿನ ಕಿಟಕಿಗೆ ಹೊರಗಿನಿಂದ ರಕ್ಷಣೆಯ ಗಾಜು ಹಾಕಿಸಬಹುದೇ?

ಹಾಕಿಸಬಹುದು, ಆದರೆ ಮೇಲೂ ಕೆಳಗೂ ಗಾಳಿಯ ಕಿಂಡಿ ಬಿಟ್ಟು. ಪೂರ್ತಿ ಮುಚ್ಚಿದರೆ ನಡುವಿನ ಗಾಳಿ ಕಾದು ಸೀಸದ ಪಟ್ಟಿಗಳು ಮೆತ್ತಗಾಗಿ ಇಡೀ ಫಲಕ ಉಬ್ಬುತ್ತದೆ, ಒಳಗೆ ಬೆವರಿದ ನೀರು ಬಣ್ಣವನ್ನು ಸವೆಸುತ್ತದೆ. ಗಾಜನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗಲಗಲ ಎಂದರೆ ಸೀಸ ಸಡಿಲವಾಗಿದೆ ಎಂದರ್ಥ.

ಬೆಂಕಿಯ ಅಪಾಯ ಎಲ್ಲಿ ಹೆಚ್ಚು?

ಮೇಣದಬತ್ತಿಗಿಂತ ಹಳೆಯ ವಿದ್ಯುತ್ ತಂತಿ ಮತ್ತು ಕೋಣೆಗಳಲ್ಲಿ ಕದ್ದು ಇಟ್ಟ ನೀರು ಕಾಯಿಸುವ ಕೆಟಲ್‌ಗಳಲ್ಲಿ. ಪ್ರತಿ ಮಹಡಿಗೂ ಒಂದು ಸಣ್ಣ ಚಹಾ ಅಡುಗೆಮನೆ ಕೊಟ್ಟರೆ ಕೆಟಲ್‌ಗಳು ತಾವಾಗಿಯೇ ಮಾಯವಾಗುತ್ತವೆ. ಮರದ ಮೆಟ್ಟಿಲಿನ ಬಳಿಯ ಬೆಂಕಿತಡೆ ಬಾಗಿಲಿಗೆ ಕಲ್ಲು ಇಟ್ಟು ತೆರೆದಿಡುವುದು ಎಲ್ಲ ವಸತಿ ಕಟ್ಟಡಗಳಲ್ಲೂ ಕಾಣುವ ಅಭ್ಯಾಸ. ಹೊಗೆ ಬಂದಾಗ ಹಿಡಿತ ಬಿಟ್ಟು ಬಾಗಿಲು ತಾನೇ ಮುಚ್ಚಿಕೊಳ್ಳುವಂತೆ ಮಾಡುವ ಆಯಸ್ಕಾಂತದ ಹಿಡಿಕೆ ಹಾಕಿಸಿ. ತಾಲೀಮು ವರ್ಷಕ್ಕೆ ಎರಡು ಬಾರಿ, ಅದರಲ್ಲಿ ಒಂದು ರಾತ್ರಿ.

ವಿದ್ಯಾರ್ಥಿಗಳು ಕಡಿಮೆಯಾಗಿದ್ದಾರೆ, ನಗರದಲ್ಲಿ ಜಾಗಕ್ಕೆ ಬೆಲೆ ಇದೆ. ಸ್ವಲ್ಪ ಮಾರಬಹುದಲ್ಲ?

ಮಾರಿದ ಜಾಗ ಮರಳಿ ಬರುವುದಿಲ್ಲ, ಆ ಹಣ ಬಹಳ ಸಾರಿ ನಿತ್ಯದ ಖರ್ಚಿಗೇ ಕರಗಿಹೋಗುತ್ತದೆ. ಹೊರಸುತ್ತಿನ ಕಟ್ಟಡವನ್ನು ಅವಧಿ ನಿಗದಿಮಾಡಿ ಬಾಡಿಗೆಗೆ ಕೊಡುವುದು ಮೊದಲ ಆಯ್ಕೆಯಾಗಲಿ: ಸಭಾಂಗಣ, ಅತಿಥಿ ಕೋಣೆಗಳು, ಹೊರ ಊರಿನ ವಿದ್ಯಾರ್ಥಿಗಳ ವಸತಿ. ನಡುವಂಗಳವನ್ನೂ ಚಾಪೆಲನ್ನೂ ಒಪ್ಪಂದದಿಂದ ಹೊರಗಿಡಿ. ದಾನಪತ್ರ, ಟ್ರಸ್ಟ್ ಪತ್ರಗಳನ್ನು ಮೊದಲೇ ವಕೀಲರಿಗೆ ತೋರಿಸಿ, ಜಾಗ ಕೊಟ್ಟವರು ಇಂಥದ್ದಕ್ಕೇ ಬಳಸಬೇಕೆಂದು ಷರತ್ತು ಹಾಕಿರುವುದು ಸಾಮಾನ್ಯ.

ಖಾಲಿ ಕೋಣೆಗಳನ್ನು ಮುಚ್ಚುವುದಾದರೆ ಅಲ್ಲಲ್ಲಿ ಒಂದೊಂದನ್ನು ಮುಚ್ಚದೆ ಒಂದು ಇಡೀ ಮಹಡಿಯನ್ನು ಮುಚ್ಚಿ ಎಲ್ಲರನ್ನೂ ಹತ್ತಿರ ತನ್ನಿ. ಮುಚ್ಚಿದ ಮಹಡಿಯ ನೀರಿನ ಕವಾಟ ನಿಲ್ಲಿಸಿ ಕೊಳವೆಗಳನ್ನು ಖಾಲಿ ಮಾಡಿ, ನೆಲದ ಜಾಲರಿಗಳಿಗೆ ತಿಂಗಳಿಗೊಮ್ಮೆ ಒಂದು ಬಕೆಟ್ ನೀರು ಸುರಿಯಿರಿ. ಇಲ್ಲದಿದ್ದರೆ ಒಣಗಿದ ಜಾಲರಿಯಿಂದ ಚರಂಡಿಯ ನಾತ ಏರಿ ಇಡೀ ಕಟ್ಟಡಕ್ಕೆ ಹರಡುತ್ತದೆ. ವಾರಕ್ಕೊಮ್ಮೆ ಯಾರಾದರೂ ಹೋಗಿ ಕಿಟಕಿಗಳನ್ನು ಒಂದು ಗಂಟೆ ತೆರೆದಿಟ್ಟು ಬರಲಿ.